ಇಷ್ಟದ ಕ್ರಮ

ಸೆಪ್ಟೆಂಬರ್ ೪

ಗುಂಜಿಗೆ,

ಕ್ಷೇಮ ಸಮಾಚಾರ ಕೊನೆಯಲ್ಲಿ, ಮೊದಲು ಕೆಲಸದ ಮಾತು. ಈ ವರ್ಷ ಹೈಸ್ಕೂಲು ಮುಗಿಯುತ್ತದೆ, ಕಾಲೇಜಿಗೆ ಅರ್ಜಿ ಹಾಕುವುದು ಹೇಗೆಂದು ತಿಳಿಸಿ ಎಂದು ನಿಮ್ಮಣ್ಣನ ಕೈಲಿ ಹೇಳಿ ಕಳಿಸಿದ್ದೀಯ. ಫೋನಿನಲ್ಲಿ ಹೇಳೋಣವೆಂದರೆ ನಿಮ್ಮ ಫೋನು ಅಂಗಡಿಯಲ್ಲಿದೆ, ಅದರ ಪಕ್ಕದಲ್ಲೇ ಮಾವ ಯಾರದೋ ತಕ್ಕಡಿ ಬಿಚ್ಚಿಕೊಂಡು ಕೂತಿರುತ್ತಾರೆ. ಇಲ್ಲಿ ನಾನು ಬಾಯಿ ತೆರೆದರೆ ಮರಿ ಏಳುತ್ತಾನೆ. ಹಾಗಾಗಿ ಕಾಗದವೇ ಗತಿ.

ನಿನಗೆ ಅತ್ತಿಗೆಯಾಗುವ ಮೊದಲಿನಿಂದ ನಾನು ಇಲ್ಲಿನ ಕಾಲೇಜಿನ ಪ್ರವೇಶ ವಿಭಾಗದಲ್ಲಿದ್ದವಳು. ಹೆರಿಗೆ ರಜೆ ಮುಗಿದರೆ ಮತ್ತೆ ಅದೇ ಕುರ್ಚಿ. ಅರ್ಜಿಗಳನ್ನು ಕಟ್ಟುಕಟ್ಟಾಗಿ ಓದಿದ್ದೇನೆ. ಅದರ ಮೇಲೆ ಹೇಳುತ್ತೇನೆ ಕೇಳು. ಅಂಕಗಳನ್ನು ಮೇಷ್ಟ್ರುಗಳು ಹಾಕುತ್ತಾರೆ, ಅದಕ್ಕೆ ಓದಬೇಕು, ಬೇರೆ ಉಪಾಯವಿಲ್ಲ. ನಿನ್ನ ಕೈಲಿರುವುದು ಮುಖ್ಯವಾಗಿ ಎರಡು. ಅರ್ಜಿಯಲ್ಲಿ ಮೂರು ಕಾಲೇಜುಗಳ ಹೆಸರನ್ನು ಇಷ್ಟದ ಕ್ರಮದಲ್ಲಿ ಬರೆಯಬೇಕು. ಸಾಮಾನ್ಯವಾಗಿ ಮೊದಲು ಬರೆದ ಕಾಲೇಜಿನವರೇ ಸಂದರ್ಶನಕ್ಕೆ ಕರೆಯುವುದು. ಉಳಿದ ಇಬ್ಬರು 'ನಮ್ಮನ್ನ ಕೊನೆಗಿಟ್ಟೋಳು ನಮಗ್ಯಾಕೆ' ಎಂದು ಸುಮ್ಮನಾಗುತ್ತಾರೆ. ಎರಡನೆಯದು, ನಿನ್ನ ಬಗ್ಗೆ ನೀನೇ ಬರೆಯುವ ಒಂದು ಪುಟ. ದಯವಿಟ್ಟು 'ಬಾಲ್ಯದಿಂದಲೇ' ಎಂದು ಶುರು ಮಾಡಬೇಡ. ನಮ್ಮ ಮುಖ್ಯಸ್ಥರು ಒಮ್ಮೆ ಅಂಥ ಪುಟ ಓದಿ, "ಈ ಹುಡುಗ ಹುಟ್ಟುತ್ಲೇ ಸಮಾಜಸೇವೆ ಮಾಡ್ಬೇಕು ಅಂದ್ಕೊಂಡ್ನಂತೆ, ಪಾಪ, ಹಾಲು ಕುಡಿಯೋಕಾದ್ರೂ ಪುರುಸೊತ್ತು ಸಿಕ್ತೋ ಇಲ್ವೋ" ಅಂದಿದ್ದರು.

ಯಾವ ಕಾಲೇಜು ಮನಸ್ಸಿನಲ್ಲಿದೆ, ಬರೆ. ಪುಟವನ್ನೂ ಬರೆದು ಕಳಿಸು, ತಿದ್ದಿಕೊಡುತ್ತೇನೆ.

ಇಲ್ಲಿ ಎಲ್ಲ ಚೆನ್ನಾಗಿದೆ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ, ನಮ್ಮ ಹೆಗ್ಗಣ ಈಗ ಬೋರಲು ಬೀಳುತ್ತದೆ.

ಅತ್ತಿಗೆ


ಸೆಪ್ಟೆಂಬರ್ ೧೯

ಅತ್ತಿಗೆಗೆ ನಮಸ್ಕಾರ.

ಕಾಗದ ತಲುಪಿತು. ಅಪ್ಪ ಲಕೋಟೆಯನ್ನು ಅಂಗೈ ಮೇಲಿಟ್ಟುಕೊಂಡು, "ನಿಮ್ಮತ್ತಿಗೆ ಸುಮಾರಾಗೇ ಬರ್ದಿದಾಳೆ" ಅಂದರು. ಒಡೆಯಲಿಲ್ಲ, ಹಾಗೇ ಕೊಟ್ಟರು.

ಕಾಲೇಜುಗಳು ಮೂರು ಇವೆ. ಒಂದು ನಮ್ಮೂರಿನ ವಾಣಿಜ್ಯ ಕಾಲೇಜು. ಲೆಕ್ಕ ಬರೆಯುವುದು ಕಲಿತರೆ ಅಂಗಡಿಗೆ ಆಗುತ್ತದೆ ಅಂತ ಅಪ್ಪನ ಅಭಿಪ್ರಾಯ. ಎರಡನೆಯದು ನಿಮ್ಮ ಊರಿನದು, ನೀವು ಕೆಲಸ ಮಾಡುವ ವಿಜ್ಞಾನ ಕಾಲೇಜು. ಮೂರನೆಯದು ದೂರ, ಬಸ್ಸಿನಲ್ಲಿ ಒಂದು ಹಗಲು ಹಿಡಿಯುತ್ತದೆ. ಅಲ್ಲಿ ಅಳತೆಯ ಉಪಕರಣಗಳದ್ದೇ ಒಂದು ವಿಭಾಗ ಇದೆ. ಗಣಿತದ ಟೀಚರ್ ಹೇಳಿದರು. ಅವರ ಜೊತೆ ಹೋಗಿ ನೋಡಿ ಬಂದೆ. ಪರವಾಗಿಲ್ಲ.

ನನ್ನ ಬಗ್ಗೆ ಬರೆದ ಪುಟ ಇದು: 'ನಾನು ತಂದೆಯ ತಕ್ಕಡಿ ರಿಪೇರಿ ಅಂಗಡಿಯಲ್ಲಿ ಸ್ವಲ್ಪ ಸಹಾಯ ಮಾಡುತ್ತೇನೆ. ತಟ್ಟೆ ಒರೆಸುತ್ತೇನೆ. ಮುಳ್ಳು ಸರಿಯಾಗಿ ನಿಲ್ಲುತ್ತದೆಯೇ ಎಂದು ನೋಡುತ್ತೇನೆ. ಗಣಿತ ಸುಮಾರಾಗಿ ಬರುತ್ತದೆ. ಕಲಿಸಿದರೆ ಕಲಿಯಬಹುದು.'

ಇನ್ನೂ ಜಾಗ ಉಳಿದಿದೆ. ಏನು ಬರೆಯಬೇಕೋ ತಿಳಿಯಲಿಲ್ಲ.

ಮರಿ ಬೋರಲು ಬಿದ್ದ ವಿಷಯ ಕೇಳಿ ಅಮ್ಮನಿಗೆ ಸಂತೋಷವಾಯಿತು. ನಿಮಗೆ ನಿದ್ದೆ ಆಗುತ್ತಿದೆಯೇ ಅಂತ ಕೇಳಿದ್ದಾರೆ.

ಗುಂಜಿ


ಅಕ್ಟೋಬರ್ ೨

ಗುಂಜಿಗೆ,

ನಿನ್ನ ಪುಟ ಓದಿ ಮೊದಲು ನಕ್ಕೆ, ಆಮೇಲೆ ಗಾಬರಿಯಾಯಿತು. ಇದು ಅರ್ಜಿಯೇ, ತಪ್ಪೊಪ್ಪಿಗೆಯೇ? ತುಂಬಿದ ಕೊಡ ತುಳುಕುವುದಿಲ್ಲ, ಒಪ್ಪಿದೆ. ಆದರೆ ಅರ್ಜಿ ಓದುವವರು ಕೊಡದೊಳಗೆ ಬಗ್ಗಿ ನೋಡುವುದಿಲ್ಲ ಮಾರಾಯ್ತಿ, ಸ್ವಲ್ಪವಾದರೂ ತುಳುಕಿಸಬೇಕು. ನಾನೇ ಒಂದು ಪುಟ ಬರೆದು ಇದರೊಂದಿಗೆ ಇಟ್ಟಿದ್ದೇನೆ. 'ನಿಖರತೆಯೆಂಬುದು ನಾನು ಹುಟ್ಟಿದ ಮನೆಯ ಉಸಿರು' ಎಂದು ಶುರುವಾಗುತ್ತದೆ. ಹಾಗೇ ನಕಲು ಮಾಡಿಕೊ.

ಇನ್ನು ಕ್ರಮದ ವಿಷಯ. ವಾಣಿಜ್ಯ ನಿನಗಲ್ಲ, ಅದು ಮಾವನಿಗೆ. ಅದನ್ನು ಎರಡನೆಯದಾಗಿ ಇಡು, ಅವರಿಗೂ ಬೇಸರವಾಗದು. ಆ ದೂರದ ಕಾಲೇಜನ್ನು ನೀನು ಹೋಗಿ ನೋಡಿಯೂ ಬಂದಿದ್ದೀಯ, ನೋಡಿ ಬಂದ ಮೇಲೂ 'ಪರವಾಗಿಲ್ಲ' ಎಂದಷ್ಟೇ ಬರೆದಿದ್ದೀಯ. ಮನಸ್ಸಿಲ್ಲದ ಕಡೆ ಒಂದು ಹಗಲಿನ ಬಸ್ಸು ಯಾಕೆ? ಅದು ಕೊನೆಗಿರಲಿ. ಇಲ್ಲಿನ ವಿಜ್ಞಾನ ಕಾಲೇಜನ್ನು ಮೊದಲು ಬರೆ. ಅದನ್ನು ಓದಿದರೆ ಮುಂದೆ ಯಾವ ದಾರಿಯನ್ನಾದರೂ ಹಿಡಿಯಬಹುದು. ನಾನು ಅಲ್ಲೇ ಇರುವುದರಿಂದ ಹೇಳುತ್ತಿಲ್ಲ, ಒಳ್ಳೆಯ ಕಾಲೇಜೆಂದೇ ಹೇಳುತ್ತಿದ್ದೇನೆ.

ಅತ್ತೆಗೆ ಹೇಳು, ಈಚೆಗೆ ಸ್ವಲ್ಪ ನಿದ್ದೆ ಕಡಿಮೆ, ಅಷ್ಟೇ. ಈ ವಯಸ್ಸಿನ ಮಕ್ಕಳಿರುವ ಮನೆಯಲ್ಲಿ ಅದು ಇದ್ದದ್ದೇ. ಇನ್ನೊಂದು ಜೊತೆ ಕೈ ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸುತ್ತದೆ. ಯಾವ ತಾಯಿಗೆ ಅನ್ನಿಸುವುದಿಲ್ಲ?

ಅತ್ತಿಗೆ


ಅಕ್ಟೋಬರ್ ೯

ಅತ್ತಿಗೆಗೆ ನಮಸ್ಕಾರ.

ನೀವು ಹೇಳಿದ ಹಾಗೆಯೇ ಬರೆಯುತ್ತೇನೆ. ನಿಮ್ಮ ಊರಿನ ಕಾಲೇಜು ಮೊದಲು.

ಕೆಲವು ವಿಷಯ ತಿಳಿಯಬೇಕಿತ್ತು. ಅಲ್ಲಿ ತರಗತಿಗಳು ಬೆಳಿಗ್ಗೆ ಮಾತ್ರವೇ, ಮಧ್ಯಾಹ್ನವೂ ಇರುತ್ತವೆಯೇ? ಮೊದಲ ವರ್ಷದವರು ಹಾಸ್ಟೆಲ್‌ನಲ್ಲೇ ಇರಬೇಕೋ, ಸಂಬಂಧಿಕರ ಮನೆಯಲ್ಲಿ ಇರಬಹುದೋ? ಮರಿಗೆ ಎಷ್ಟು ಹೊತ್ತಿಗೆ ಸ್ನಾನ? ಬೇರೆಯವರು ಎತ್ತಿಕೊಂಡರೆ ಅಳುತ್ತಾನೆಯೇ?

ಅಮ್ಮನಿಗೆ ನಿಮ್ಮ ಕಾಗದ ಓದಿ ಹೇಳಿದೆ. ಕೇಳಿದವರೇ ಎದ್ದು ಅಪ್ಪನ ಹತ್ತಿರ ಹೋಗಿ ಮಾತಾಡಿದರು.

ಗುಂಜಿ


ನವೆಂಬರ್ ೧೬

ಗುಂಜಿಗೆ,

ತಡವಾಯಿತು, ಬೈದುಕೊ. ಮೂರು ಸಲ ಬರೆಯಲು ಕೂತೆ, ಮೂರು ಸಲವೂ ಯಾವುದೋ ಕೆಲಸ ಕರೆಯಿತು. ಒಮ್ಮೆ ಹಾಲು ಒಲೆಯ ಮೇಲಿಟ್ಟದ್ದನ್ನೇ ಮರೆತು ಪಾತ್ರೆ ಕರಕಲಾಯಿತು. ನಿಮ್ಮಣ್ಣ ಬಂದು ನೋಡಿ, "ಇದನ್ನ ಮಾಡೋಕೂ ಕಾಲೇಜಲ್ಲಿ ಕಲಿಸ್ತಾರಾ" ಅಂದರು. ನಗಬೇಕಿತ್ತು, ಅತ್ತುಬಿಟ್ಟೆ. ಅವರೇ ಹೆದರಿ ಪಾತ್ರೆ ಉಜ್ಜಲು ಕೂತರು.

ನೀನು ಬರುತ್ತೀಯೆಂದು ತಿಳಿದ ಮೇಲೆ ಮನೆಯಲ್ಲೊಂದು ಗೆಲುವು ಬಂದಿದೆ. ಅಡುಗೆಮನೆಯ ಪಕ್ಕದ ಕೋಣೆ ನಿನಗೆ. ಅಲ್ಲಿದ್ದ ಹಳೆಯ ಪೇಪರು, ಮುರಿದ ಫ್ಯಾನು ಎಲ್ಲ ತೆಗೆಸಿದೆ. ಕಿಟಕಿ ರಸ್ತೆಗೆ ತೆರೆಯುತ್ತದೆ, ಸ್ವಲ್ಪ ಗಲಾಟೆ, ಆದರೆ ಬೆಳಕು ಚೆನ್ನಾಗಿದೆ. ಸಂಬಂಧಿಕರ ಮನೆಯಲ್ಲಿ ಇರಬಹುದು. ತರಗತಿಗಳು ಮಧ್ಯಾಹ್ನಕ್ಕೆ ಮುಗಿಯುತ್ತವೆ. ನಾನು ಸಂಜೆಯ ಪಾಳಿ ಕೇಳಿಕೊಂಡರೆ ನೀನು ಬರುವುದಕ್ಕೂ ನಾನು ಹೊರಡುವುದಕ್ಕೂ ಸರಿಹೋಗುತ್ತದೆ. ಮರಿಗೆ ಹನ್ನೊಂದಕ್ಕೆ ಸ್ನಾನ. ಯಾರೆತ್ತಿಕೊಂಡರೂ ಅಳುತ್ತಾನೆ, ನಾನೆತ್ತಿಕೊಂಡರೂ.

ನಿನಗೆ ಇಷ್ಟು ಉತ್ಸಾಹವಿದೆಯೆಂದು ನನಗೆ ಗೊತ್ತಿರಲಿಲ್ಲ. ತರಗತಿಯ ಹೊತ್ತನ್ನೆಲ್ಲ ಈಗಲೇ ವಿಚಾರಿಸುವವರು ಕಡಿಮೆ. ಅರ್ಜಿಗೆ ಡಿಸೆಂಬರ್ ಮೊದಲ ವಾರ ಕೊನೆ, ಮರೆಯಬೇಡ.

ಅತ್ತಿಗೆ


ಡಿಸೆಂಬರ್ ೩

ಅತ್ತಿಗೆಗೆ ನಮಸ್ಕಾರ.

ಅರ್ಜಿ ಹಾಕಿದೆ. ಅಪ್ಪ ಸಹಿ ಹಾಕಿದರು. "ಅಣ್ಣನ ಮನೆ ತಾನೆ" ಅಂದರು.

ನೀವು ಬರೆದುಕೊಟ್ಟ ಪುಟವನ್ನೇ ಹಾಕಿದ್ದೇನೆ. ಗಣಿತದ ಟೀಚರ್ ಶಿಫಾರಸು ಬರೆದುಕೊಡುವಾಗ ಅದನ್ನು ಓದಿದರು. ಕ್ರಮವನ್ನೂ ನೋಡಿದರು. ಆಮೇಲೆ ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ. ಈಗ ಮಾತಾಡುತ್ತಾರೆ. ಪಾಠದ ವಿಷಯ ಮಾತ್ರ.

ಕರಕಲಾದ ಪಾತ್ರೆಯಲ್ಲಿ ನೀರು, ಉಪ್ಪು ಹಾಕಿ ಇಡೀ ದಿನ ಬಿಟ್ಟರೆ ಉಜ್ಜುವುದು ಸುಲಭ ಅಂತ ಅಮ್ಮ ಹೇಳಿದ್ದಾರೆ. ನೀವು ಅತ್ತ ಸಾಲನ್ನು ಎರಡು ಸಲ ಓದಿಸಿದರು.

ಗುಂಜಿ


ಡಿಸೆಂಬರ್ ೨೦

ಗುಂಜಿಗೆ,

ಒಂದು ವಿಷಯ ಕೇಳಬೇಕು. ಮುಚ್ಚಿಡದೆ ಹೇಳು.

ಮೊನ್ನೆ ನಿಮ್ಮಣ್ಣನಿಗೆ ಊಟ ಬಡಿಸಿದೆ. ಎಷ್ಟೋ ದಿನದ ಮೇಲೆ ನೆಟ್ಟಗೆ ಅಡುಗೆ ಮಾಡಿದ್ದೆ. ಹೇಗಿದೆ ಅಂದರೆ, "ತಿನ್ನಬಹುದು" ಅಂದರು. ಚಮಚ ಎಸೆದೆ. ಅವರು ಚಮಚ ಹೆಕ್ಕಿಕೊಂಡು ಬಂದು ಹೇಳಿದರು: "ಅಯ್ಯೋ, ಎರಡ್ನೇ ಸಲ ಹಾಕಿಸ್ಕೊಂಡಿದೀನಿ, ಕಾಣಲ್ವಾ? ನಮ್ಮನೇಲಿ ಇಷ್ಟೇ ಹೇಳೋದು. ಅಪ್ಪ ಕಲಿಸಿದ್ದು ಹಾಗೆ. ಮುಳ್ಳು ಎರಡು ಗೆರೆ ಮಧ್ಯೆ ನಿಂತ್ರೆ ಕೆಳಗಿನ ಗೆರೆ ಹೇಳ್ಬೇಕು. ಮೇಲಿನದು ಹೇಳಿದ್ರೆ ಮೋಸ." ಆಮೇಲೆ ನಗುತ್ತ ಇನ್ನೊಂದನ್ನೂ ಹೇಳಿದರು. ಮದುವೆಗೆ ಮುಂಚೆ ನನ್ನನ್ನು ನೋಡಿ ಹೋದ ದಿನ, ಹುಡುಗಿ ಹೇಗಿದ್ದಾಳೆಂದು ಮಾವ ಕೇಳಿದ್ದಕ್ಕೆ, 'ಆಗಬಹುದು' ಅಂದಿದ್ದರಂತೆ. ಅಷ್ಟು ಕೇಳಿದ್ದೇ ಮಾವ ಪೆಟ್ಟಿಗೆಯಿಂದ ಹೊಸ ಅಂಗಿ ತೆಗೆದು ಹಾಕಿಕೊಂಡರಂತೆ.

ನಮ್ಮ ತವರು ಇಲಿ ಹೋದರೆ ಹುಲಿ ಹೋಯಿತು ಅನ್ನುವ ಮನೆ. ಹಾಗಾಗಿ ನಗು ಮುಗಿದ ಮೇಲೆ ನಿನ್ನ ಸೆಪ್ಟೆಂಬರಿನ ಕಾಗದ ತೆಗೆದು ಆ 'ಪರವಾಗಿಲ್ಲ'ವನ್ನು ಮತ್ತೆ ಓದಿದೆ. ನೀನು ಆ ದೂರದ ಕಾಲೇಜಿಗೆ ಯಾಕೆ ಹೋಗಿದ್ದೆ, ಅಲ್ಲಿ ಏನು ನೋಡಿದೆ, ಬಂದ ಮೇಲೆ ಏನು ಮಾಡಿದೆ? ಹೇಗನ್ನಿಸಿತು ಎಂದು ಬರೆಯಬೇಡ, ಆ ಲೆಕ್ಕ ನನಗೆ ತಿಳಿಯುವುದಿಲ್ಲ. ಆದದ್ದನ್ನು ಮಾತ್ರ ಬರೆ. ಮತ್ತೆ, ನಿಮ್ಮ ಟೀಚರಿಗೆ ಕೋಪ ಯಾಕೆ?

ಅತ್ತಿಗೆ


ಡಿಸೆಂಬರ್ ೨೯

ಅತ್ತಿಗೆಗೆ ನಮಸ್ಕಾರ.

ಆದದ್ದನ್ನು ಬರೆಯುತ್ತೇನೆ.

ಹೋದ ವರ್ಷ ಟೀಚರ್ ಆ ವಿಭಾಗದ ಪಠ್ಯಕ್ರಮ ತರಿಸಿಕೊಟ್ಟರು. ಓದಿದೆ. ಕೆಲವು ಪುಟ ಅರ್ಥವಾಗಲಿಲ್ಲ, ಅದಕ್ಕೆ ಬೇಕಾದ ಗಣಿತವನ್ನು ಶಾಲೆ ಬಿಟ್ಟ ಮೇಲೆ ಅವರ ಹತ್ತಿರ ಕಲಿತೆ. ಆಗಸ್ಟ್‌ನಲ್ಲಿ ನಮ್ಮ ತರಗತಿಯ ಕೆಲವರು ಟೀಚರ್ ಜೊತೆ ಕಾಲೇಜು ನೋಡಲು ಹೋದೆವು. ಅಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಒಂದು ತಕ್ಕಡಿ ಇದೆ. ಕಾಗದದ ಮೇಲೆ ಪೆನ್ಸಿಲಿನಿಂದ ಹೆಸರು ಬರೆದರೆ ಆ ಹೆಸರಿನ ತೂಕ ಹೇಳುತ್ತದೆ. ಬಾಗಿಲು ತೆಗೆದು ಯಾರಾದರೂ ಉಸಿರು ಬಿಟ್ಟರೂ ಅಲ್ಲಾಡುತ್ತದೆ. ಅಲ್ಲಿನ ಮೇಡಂ ನನ್ನ ಹೆಸರನ್ನು ತೂಗಿ ತೋರಿಸಿದರು. ಉಳಿದ ಮಕ್ಕಳು ಕ್ಯಾಂಟೀನಿಗೆ ಹೋದರು. ನಾನು ಹೋಗಲಿಲ್ಲ. ಬಸ್ಸು ಹೊರಡುವಾಗ ಟೀಚರ್ ಬಂದು ಕರೆದುಕೊಂಡು ಹೋಗಬೇಕಾಯಿತು. ಆ ಕಾಗದದ ಚೂರನ್ನು ಮೇಡಂ ನನಗೇ ಕೊಟ್ಟರು.

ಟೀಚರಿಗೆ ಕೋಪ ಕ್ರಮ ನೋಡಿ. "ಯಾರಿಗೋಸ್ಕರ ಬದಲಾಯ್ಸಿದೆ" ಅಂತ ಕೇಳಿದರು. ನಾನು ಹೇಳಲಿಲ್ಲ.

ನೀವು ಅಕ್ಟೋಬರಿನ ಕಾಗದದಲ್ಲಿ 'ಸ್ವಲ್ಪ ನಿದ್ದೆ ಕಡಿಮೆ, ಅಷ್ಟೇ' ಅಂತ ಬರೆದಿದ್ದಿರಿ. ನಮ್ಮ ಅಜ್ಜಿ ತೀರಿಕೊಳ್ಳುವ ಮುಂಚಿನ ವಾರ 'ಸ್ವಲ್ಪ ಆಯಾಸ, ಅಷ್ಟೇ' ಅಂದಿದ್ದರು. ಅಮ್ಮ, ಅಪ್ಪ ಮಾತಾಡಿಕೊಂಡರು. ಅಮ್ಮ ಮಂಡಿ ನೋವಿನಿಂದ ಪ್ರಯಾಣ ಮಾಡುವ ಹಾಗಿಲ್ಲ. ಯಾರೂ ನನಗೆ ಹೋಗು ಅನ್ನಲಿಲ್ಲ. ನಾನೇ ಹೋಗುತ್ತೇನೆ ಅಂದೆ. ನಿಮ್ಮ ಊರಿನ ಕಾಲೇಜೂ ಒಳ್ಳೆಯದೇ ಅಂತ ನೀವೇ ಬರೆದಿದ್ದೀರಿ.

ಗುಂಜಿ


ಜನವರಿ ೬

ಗುಂಜಿಗೆ,

ಇದನ್ನು ಓದಿದ ದಿನವೇ ಶಾಲೆಯ ಕಚೇರಿಗೆ ಹೋಗು. ಕ್ರಮ ಬದಲಾಯಿಸಲು ಜನವರಿ ಇಪ್ಪತ್ತರವರೆಗೆ ಅವಕಾಶವಿದೆ. ಹೆಚ್ಚಿನ ಶಾಲೆಗಳು ಇದನ್ನು ಮಕ್ಕಳಿಗೆ ಹೇಳುವುದಿಲ್ಲ, ಹೇಳಿದರೆ ಎಲ್ಲರೂ ಬಂದು ಕೂರುತ್ತಾರೆ. ಒಂದು ಮನವಿ, ಅದರ ಮೇಲೆ ತಂದೆಯ ಸಹಿ, ಮುಖ್ಯೋಪಾಧ್ಯಾಯರ ಸಹಿ. ಅಳತೆಯ ಉಪಕರಣಗಳ ವಿಭಾಗ ಮೊದಲು. ನಾನು ಬರೆದ ಆ ಪುಟವನ್ನು ಹರಿದುಹಾಕಿ, ನೀನು ನನಗೆ ಈಗ ಬರೆದಿದ್ದೀಯಲ್ಲ, ಅದನ್ನೇ ಹಾಕು. ಪಠ್ಯಕ್ರಮ, ಗಣಿತ, ಕ್ಯಾಂಟೀನಿಗೆ ಹೋಗದೆ ನಿಂತದ್ದು. ಒಂದಕ್ಷರ ಸೇರಿಸಬೇಡ. ಅಷ್ಟು ವರ್ಷ ಅರ್ಜಿ ಓದಿದವಳು ನಾನು, ಅಂಥ ಪುಟ ಒಂದೂ ಬಂದಿರಲಿಲ್ಲ.

ಮಾವನಿಗೆ ಬೇರೆ ಕಾಗದ ಬರೆದಿದ್ದೇನೆ. 'ಹುಡುಗಿಗೆ ಆ ಕೆಲಸ ಸ್ವಲ್ಪ ಒಗ್ಗುತ್ತದೆ ಅನ್ನಿಸುತ್ತದೆ' ಎಂದಷ್ಟೇ ಬರೆದೆ. ಇನ್ನೂ ಇಪ್ಪತ್ತು ಸಾಲು ಬರೆಯಲು ಕೈ ತುರಿಸುತ್ತಿತ್ತು, ತಡೆದುಕೊಂಡೆ.

ನನ್ನ ವಿಷಯದಲ್ಲಿ ನೀವೆಲ್ಲ ತಪ್ಪು ತಿಳಿದಿದ್ದೀರಿ. ನಮ್ಮ ಕಡೆ ಸ್ವಲ್ಪ ಅಂದರೆ ಸ್ವಲ್ಪವೇ. ನನಗೆ ಏನೂ ಆಗಿಲ್ಲ. ಗುಂಡುಕಲ್ಲಿನ ಹಾಗಿದ್ದೇನೆ. ಕೋಣೆಗೆ ಮತ್ತೆ ಪೇಪರು ತುಂಬಿಸಿದರಾಯಿತು.

ಅತ್ತಿಗೆ


ಮಾರ್ಚ್ ೧೧

ಅತ್ತಿಗೆಗೆ ನಮಸ್ಕಾರ.

ಫೆಬ್ರವರಿಯಲ್ಲಿ ಒಂದು ಕಾಗದ ಹಾಕಿದ್ದೆ. ಉತ್ತರ ಬರಲಿಲ್ಲ. ಅಣ್ಣನಿಗೆ ಫೋನ್ ಮಾಡಿದರೆ, "ಇದ್ದಾಳೆ, ಆಮೇಲೆ ಬರೀತಾಳೆ" ಅಂದ. ಅಣ್ಣನೂ ಈ ಮನೆಯವನೇ, ಅದರಿಂದ ಏನೂ ತಿಳಿಯಲಿಲ್ಲ.

ಸಂದರ್ಶನ ಆಯಿತು. ಮೂವರಿದ್ದರು. ಆ ಮೇಡಂ ಕೂಡ ಇದ್ದರು. ಪುಟವನ್ನು ಓದಿದ್ದರು, ಗಣಿತ ಕೇಳಿದರು. ಕೊನೆಗೆ ನಡುವೆ ಕೂತಿದ್ದವರು, "ಮೊದ್ಲು ನಮ್ಮನ್ನ ಕೊನೆಗಿಟ್ಟಿದ್ದೆ, ಆಮೇಲೆ ಮೊದಲಿಗೆ ತಂದಿದೀಯ. ಮನಸ್ಸು ಗಟ್ಟಿ ಇಲ್ವಾ" ಅಂತ ಕೇಳಿದರು. ನಾನು, ನಮ್ಮ ಅತ್ತಿಗೆಗೆ ಹುಷಾರಿಲ್ಲ ಅಂತ ಅಲ್ಲಿಗೆ ಹೋಗುವುದೆಂದಿತ್ತು, ಬರಬೇಡ ಅಂದರು, ಅದಕ್ಕೆ ಇಲ್ಲಿಗೆ ಬಂದೆ ಅಂದೆ. ಮೇಡಂ, "ಈಗ ಹುಷಾರಾಗಿದಾರಾ" ಅಂದರು. ಗೊತ್ತಿಲ್ಲ ಅಂದೆ.

ಸೀಟು ಸಿಕ್ಕಿದೆ. ಒಪ್ಪಿಗೆ ಪತ್ರವನ್ನು ಈ ತಿಂಗಳ ಕೊನೆಯೊಳಗೆ ಕಳಿಸಬೇಕು. ಇಲ್ಲದಿದ್ದರೆ ಮುಂದಿನವರಿಗೆ ಕೊಡುತ್ತಾರೆ. ಅಪ್ಪನ ಸಹಿ ಆಗಿದೆ. ಅವರು ಅಂಗಡಿಯ ಬಾಗಿಲು ಹಾಕಿ ಅಮ್ಮನನ್ನೂ ನನ್ನನ್ನೂ ಹೊರಗೆ ಊಟಕ್ಕೆ ಕರೆದುಕೊಂಡು ಹೋದರು. ಟೀಚರ್ ದಿನಾ, "ಹಾಕಿದ್ಯಾ" ಅಂತ ಕೇಳುತ್ತಾರೆ. ನಾನು ಇನ್ನೂ ಹಾಕಿಲ್ಲ.

ನೀವು ಜನವರಿಯಲ್ಲಿ 'ನನಗೆ ಏನೂ ಆಗಿಲ್ಲ' ಅಂತ ಬರೆದಿದ್ದಿರಿ. ಖಾಲಿ ತಟ್ಟೆಗೂ ಒಂದು ತೂಕ ಇರುತ್ತದೆ ಅತ್ತಿಗೆ. ಏನಿಟ್ಟರೂ ಏನೂ ಇಲ್ಲ ಅಂತ ತೋರಿಸುವ ತಕ್ಕಡಿಯನ್ನು ನಾವು ರಿಪೇರಿಗೆ ಇಟ್ಟುಕೊಳ್ಳುತ್ತೇವೆ.

ನೀವು ಹೇಗಿದ್ದೀರಿ? ನನಗೆ ಹೇಳಿದ ಹಾಗೆ, ಆದದ್ದನ್ನು ಮಾತ್ರ ಬರೆಯಿರಿ. ಅದು ಬಂದ ಮೇಲೆ ಪತ್ರ ಹಾಕುತ್ತೇನೆ, ಅಥವಾ ಹಾಕುವುದಿಲ್ಲ.

ಗುಂಜಿ


ಮಾರ್ಚ್ ೧೮

ಗುಂಜಿಗೆ,

ಆದದ್ದನ್ನು ಬರೆಯುತ್ತೇನೆ.

ಫೆಬ್ರವರಿಯಲ್ಲಿ ಒಂದು ಮಧ್ಯಾಹ್ನ ಮರಿಯನ್ನು ಮಲಗಿಸಿ ಬಟ್ಟೆ ಒಣಹಾಕಲು ತಾರಸಿಗೆ ಹೋದೆ. ಯಾಕೆ ಬಂದೆನೆಂಬುದು ಮರೆತುಹೋಯಿತು. ಒದ್ದೆ ಬಟ್ಟೆಯ ಬುಟ್ಟಿಯ ಪಕ್ಕದಲ್ಲೇ ಕೂತೆ. ಕೆಳಗೆ ಮಗು ಅಳುವುದು ಕೇಳಿಸುತ್ತಿತ್ತು. ಯಾರದಪ್ಪಾ ಈ ಮಗು, ಇದರ ತಾಯಿ ಎಲ್ಲಿ ಹಾಳಾಗಿ ಹೋಗಿದ್ದಾಳೆ ಅಂದುಕೊಂಡೆ. ಕೋಪವೂ ಬಂತು. ಆಮೇಲೆ ಕೆಳಗಿನ ಮನೆಯ ನರ್ಸಮ್ಮ ಮರಿಯನ್ನು ಎತ್ತಿಕೊಂಡು ಮೇಲೆ ಬಂದರು. ಪಾಪ ಯಾರ ಮಗು ಎಂದು ಅವರನ್ನು ಕೇಳಿದೆ. ಅವರು, "ನಿಂದೇ ಕಣಮ್ಮ" ಅಂದರು. ಮರಿಯನ್ನು ನನ್ನ ಕೈಗೆ ಕೊಡಲಿಲ್ಲ. ನಿಮ್ಮಣ್ಣ ಬರುವವರೆಗೆ ನಮ್ಮಿಬ್ಬರನ್ನೂ ತಮ್ಮ ಮನೆಯಲ್ಲಿ ಕೂರಿಸಿಕೊಂಡರು.

ಮಾರನೆಯ ದಿನ ಡಾಕ್ಟರ ಹತ್ತಿರ ಹೋದೆವು. ಅವರು ಕೇಳಿದ್ದಕ್ಕೆಲ್ಲ 'ಸ್ವಲ್ಪ' ಎಂದೇ ಉತ್ತರ ಹೇಳುತ್ತಿದ್ದೆ. ಪಕ್ಕದಲ್ಲಿದ್ದ ನಿಮ್ಮಣ್ಣ, "ಸ್ವಲ್ಪ ಅಲ್ಲ ಡಾಕ್ಟ್ರೇ, ತುಂಬಾ" ಅಂದರು. ಅವರ ಬಾಯಿಂದ ಆ ಮಾತನ್ನು ಮೊದಲ ಸಲ ಕೇಳಿದ್ದು. ಹೆರಿಗೆಯ ನಂತರ ಕೆಲವರಿಗೆ ಹೀಗಾಗುತ್ತದಂತೆ, ಹೆಸರಿರುವ ಕಾಯಿಲೆಯೇ. ಮಾತ್ರೆ ಇದೆ, ವಾರಕ್ಕೊಮ್ಮೆ ಹೋಗಿ ಮಾತಾಡಿ ಬರುವುದಿದೆ. ನಿದ್ದೆ ಇನ್ನೂ ಪೂರ್ತಿ ಬಂದಿಲ್ಲ. ಬಂದಾಗ ಗಟ್ಟಿಯಾಗಿ ಬರುತ್ತದೆ. ನಿಮ್ಮಣ್ಣ ನೀರಿನ ಮೀಟರ್ ಕಚೇರಿಯಲ್ಲಿ ಹಗಲಿನ ಪಾಳಿ ಬರೆಸಿಕೊಂಡಿದ್ದಾರೆ. ಸಂಜೆಯಿಂದ ಮರಿ ಅವರದು. ಮಧ್ಯಾಹ್ನ ನರ್ಸಮ್ಮ ಬರುತ್ತಾರೆ. ಕೆಲಸಕ್ಕೆ ಈ ವರ್ಷ ಹೋಗುವುದಿಲ್ಲ. ಮುಖ್ಯಸ್ಥರಿಗೆ ಹೇಳಿದೆ, "ಕುರ್ಚಿ ಎಲ್ಲಿಗೂ ಓಡಿಹೋಗಲ್ಲ" ಅಂದರು. ಓಡಿಹೋದರೂ ಹೋಗಬಹುದು, ನೋಡೋಣ.

ಹಾಗಾಗಿ ನಿಮ್ಮ ಮನೆಯವರು ಅಕ್ಟೋಬರಿನಲ್ಲೇ ಓದಿದ್ದು ಸರಿ. ನಮ್ಮ ತವರಿನವರು ದೊಡ್ಡದು ಮಾಡಿ ಹೇಳುವುದು ಇಲಿಗಳನ್ನು ಮಾತ್ರ. ನಿಜವಾಗಿ ಹುಲಿ ಬಂದಾಗ ಏನನ್ನಬೇಕೆಂದು ನಮಗೂ ಯಾರೂ ಕಲಿಸಿರಲಿಲ್ಲ.

ಇನ್ನೊಂದನ್ನೂ ಹೇಳಬೇಕು, ಇಲ್ಲದಿದ್ದರೆ ಅದೂ ಕಡಿಮೆ ತೂಕವಾಗುತ್ತದೆ. ನೀನು ಬರಬೇಕೆಂದು ನನಗೆ ತುಂಬಾ ಆಸೆಯಿತ್ತು. ಈ ಕಾಲೇಜನ್ನು ಮೊದಲು ಬರೆ ಎಂದಾಗ ನಾನು ಕಾಲೇಜಿನ ಬಗ್ಗೆ ಯೋಚಿಸುತ್ತಿರಲಿಲ್ಲ. ನೀನು ಬಂದಿದ್ದರೆ ಮರಿಯನ್ನು ನಿನ್ನ ಕೈಗೆ ಕೊಟ್ಟು, ಎಲ್ಲ ಸರಿಹೋಯಿತೆಂದುಕೊಂಡು, ಡಾಕ್ಟರ ಮೆಟ್ಟಿಲನ್ನು ಹತ್ತುತ್ತಲೇ ಇರಲಿಲ್ಲ. ನಿನ್ನ ಓದೂ ಹೋಗುತ್ತಿತ್ತು, ನಾನೂ ಅಲ್ಲೇ ಇರುತ್ತಿದ್ದೆ. ಹುಷಾರಾಗಿದ್ದೇನೆಯೇ ಎಂದು ಮೇಡಂ ಕೇಳಿದ್ದಾರಲ್ಲ, ಇನ್ನೂ ಆಗಿಲ್ಲ, ಆಗುತ್ತಿದ್ದೇನೆ ಎಂದು ಹೇಳು.

ಒಪ್ಪಿಗೆ ಪತ್ರವನ್ನು ನಾಳೆಯೇ ಹಾಕು. ರಿಜಿಸ್ಟರ್ಡ್ ಅಂಚೆಯಲ್ಲೇ ಕಳಿಸು. ರಸೀದಿಯನ್ನು ಟೀಚರಿಗೆ ತೋರಿಸು, ಅವರ ಬಾಯಿ ಮುಚ್ಚಲಿ. ಹಾಸ್ಟೆಲ್‌ಗೆ ಅರ್ಜಿ ಬೇರೆ ಇರುತ್ತದೆ, ಸೀಟಿನ ಜೊತೆಗೇ ಅದು ಬರುತ್ತದೆಂದು ಸುಮ್ಮನೆ ಕೂರಬೇಡ. ಪ್ರತಿ ವರ್ಷ ನಾಲ್ಕಾರು ಮಕ್ಕಳು ಪೆಟ್ಟಿಗೆ ಹಿಡಿದುಕೊಂಡು ಬಾಗಿಲಲ್ಲಿ ನಿಲ್ಲುತ್ತಾರೆ.

ಈಗ ಮರಿ ಎದ್ದು ಅಳುತ್ತಿದ್ದಾನೆ. ನಿಮ್ಮಣ್ಣ ಎದ್ದು ಹೋದರು. ಅಳು ಇನ್ನೂ ನಿಂತಿಲ್ಲ. ನಾನು ಕೂತೇ ಇದ್ದೇನೆ.

ಅತ್ತಿಗೆ